ಪರದಾ ಮಾಸ್ತರ ಹುಲಿ ನನ್ನ ಕೌದಿಗೆ ಬಂದದ್ದು

ಕೌದಿ ಹೊಲಿಯೋದ್ರಾಗ ನನ್ನ ಸರಿಗಟ್ಟೋರು ಕುರುಗೋಡದಾಗ ಯಾರೂ ಇಲ್ಲ. ಇದು ಜಂಬದ ಮಾತಲ್ಲ. ಉಳಿದೋರೆಲ್ಲಾ ಹೊಲಿಯೋದು ಬಿಟ್ಟಾರ, ಅದಕ್ಕ.

ಹಳೇ ಸೀರಿ, ಹಳೇ ಧೋತ್ರ, ಹರದ ಅಂಗಿ, ಏನಾರ ತಂದುಕೊಡ್ರಿ. ಒಂದರ ಮ್ಯಾಲೊಂದು ಹಾಸಿ, ಮ್ಯಾಲ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಸುತ್ತುಗಟ್ಟಿ ನಡುವಿನ ತನಕ ಹೊಲದು, ಬೆಚ್ಚಗ ಹೊಚ್ಚಿಕೊಳ್ಳಂಗ ಮಾಡಿಕೊಡ್ತೀನಿ. ಸಣ್ಣಾಕಿ ಇದ್ದಾಗಿಂದ ಇದ ಕೆಲಸ. ಸಾಲಿಗೆ ಹೋದದ್ದು ಎರಡನೇ ಇಯತ್ತೆ ತನಕ. ಆಮ್ಯಾಲ ಮಾಸ್ತರಿಗೂ ಬ್ಯಾಸರಾತು, ನನಗೂ ಬ್ಯಾಸರಾತು. ಆಗ ಕಲ್ತ ಅಕ್ಷರದಾಗ ಇದನ್ನ ಬರಿಯಾಕತ್ತೀನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಬರಿ ಅಂದೋರು ನಮ್ಮ ಸಂಘದ ಹೆಣ್ಮಕ್ಕಳು. "ಅಜ್ಜಿ, ನಿಮ್ಮ ಕೆಲಸಕ್ಕ ಯಾವ ಕಲಾವಿದರು ಸ್ಫೂರ್ತಿ?" ಅಂತ ಕೇಳಿದ್ರು.

"ಸ್ಫೂರ್ತಿ ಅಂದ್ರ ಏನವ್ವಾ?"

"ಅವರ ಕೆಲಸ ನೋಡಿ ನಿಮಗೂ ಏನಾರ ಮಾಡಬೇಕು ಅನ್ಸೋದು."

ಅನ್ಸಿತ್ತು. ಮಾಡಿದೆ. ಏನಾತು ಅಂತ ಕೇಳ್ರಿ.

ಬಳ್ಳಾರಿ ಕೌಲ್ ಬಜಾರದಾಗ ನನ್ನ ತಂಗಿ ಮನಿ ಐತಿ. ಅದರ ಹಿಂದ ಒಂದು ಹಳೇ ಗೋದಾಮು. ಅಲ್ಲಿ ಒಬ್ರು ವಯಸ್ಸಾದ ಮನುಷ್ಯಾರು ನಾಟಕದ ಪರದಾ ಬರೀತಾರ. ಅರಮನಿ, ಕಾಡು, ಬೀದಿ, ಜೈಲು. ಎಲ್ಲಾರೂ ಪರದಾ ಮಾಸ್ತರು ಅಂತಾರ, ನಾನೂ ಹಂಗ ಅಂತೀನಿ. ಮೊದಲ ಸಲ ನಾ ನೋಡಿದಾಗ ನೆಲದ ಮ್ಯಾಲ ಕಣದಷ್ಟು ದೊಡ್ಡ ಅರಿವಿ ಹಾಸಿ, ಉದ್ದನ ಕೋಲಿಗೆ ಕುಂಚ ಕಟ್ಟಿಕೊಂಡು, ಅಂಗಳ ಸಾರಿಸಿದಂಗ ಬಣ್ಣ ಬಡಿಯಾಕತ್ತಿದ್ರು. ನಾ ಬಗ್ಗಿ ನೋಡಿದೆ. ಹಸರು ಕಲಿ, ಹಳದಿ ಕಲಿ, ಕರಿ ಗೆರಿ. ತಲಿ ಇಲ್ಲ, ಬುಡ ಇಲ್ಲ.

"ಬಣ್ಣ ಚೆಲ್ಲೀರಿ ಮಾಸ್ತರ. ಒರಸಾಕ ಅರಿವಿ ಕೊಡ್ಲೇನು?" ಅಂದೆ.

ಅವರು ಸಿಟ್ಟಿಗೇಳಲಿಲ್ಲ. ಪರದಾನ ಹಗ್ಗದಿಂದ ಮ್ಯಾಲಕ್ಕ ಎಳಿಸಿ ಕಟ್ಟಿಸಿದ್ರು. "ಅವ್ವಾ, ಆ ಬೇವಿನ ಗಿಡದ ಬುಡಕ್ಕ ಹೋಗಿ ತಿರುಗಿ ನೋಡು" ಅಂದ್ರು.

ಹೋದೆ. ತಿರುಗಿದೆ.

ಕಾಡು! ಗಿಡ, ಬಳ್ಳಿ, ನೀರಿನ ಝರಿ, ಎಲಿ ಸಂದ್ಯಾಗ ಒಂದು ಹುಲಿ ಕುಂತು ನನ್ನನ್ನ ನೋಡಾಕತ್ತಿತ್ತು. ನನ್ನ ಕೈಯಾಗಿನ ಬದ್ನಿಕಾಯಿ ಚೀಲ ಕೆಳಗ ಬಿತ್ತು.

"ಹಿಂದಿನ ಸಾಲಿನ್ಯಾಗ ಕುಂತವಗ ಕಂಡ್ರ ಅದು ಪರದಾ. ಇಲ್ಲಂದ್ರ ಬರೇ ಅರಿವಿ" ಅಂದ್ರು ಮಾಸ್ತರು.

ಅವತ್ತಿಂದ ನಾ ಅವರ ಭಕ್ತೆ. ಎಲ್ಲಿ ನಾಟಕ ಇದ್ರೂ ಹೋಗ್ತಿದ್ದೆ. ಪಾರ್ಟು ಮಾಡೋರನ್ನ ನೋಡಾಕಲ್ಲ, ಅವರ ಹಿಂದಿನ ಪರದಾ ನೋಡಾಕ. ನಾಯಕ ಸತ್ತು ಎಲ್ಲಾರೂ ಮೂಗು ಒರಸ್ಕೊಂತಿದ್ರ, ನಾ "ಏ, ಹೆಣ ಸ್ವಲ್ಪ ಆ ಕಡೆ ಸರಸ್ರೋ, ಝರಿ ಕಾಣವಲ್ದು" ಅಂತ ಕೂಗಿದ್ದೂ ಐತಿ. ಹೆಣಾನೂ ನಕ್ಕಿತ್ತು.

ಇತ್ಲಾಗ ನನ್ನ ಧಂದೆ ಮಕ್ಕೊಂಡಿತ್ತು. ಗಾಡಿ ಮ್ಯಾಲ ರಗ್ಗು ಮಾರೋರು ಬರ್ತಾರ. ಮೆತ್ತಗ, ಮಿರಿಮಿರಿ ಮಿಂಚ್ತಾವ, ಮ್ಯಾಲ ಗುಲಾಬಿ ಹೂವು. ಮಂದಿ ಹಳೇ ಸೀರಿ ಹಾಕಿ ಸ್ಟೀಲ್ ಡಬ್ಬಿ ತಗೊಂತಾರ, ಬಾಜೂ ಗಾಡ್ಯಾಗ ರಗ್ಗು ತಗೊಂತಾರ. ನನ್ನ ಮನಿ ಕಟ್ಟಿ ತನಕ ಬರೋದು ಬರೇ ಮಾತಾಡಾಕ. ಸೂಜಿ ಡಬ್ಬ್ಯಾಗ ಹಾಕಿ ಮುಚ್ಚಿಡೋದು ಒಂದ ಬಾಕಿ ಇತ್ತು.

ಅಂಥಾದ್ರಾಗ ಹೋದ ಚಳಿಗಾಲ ಮುಗಿಯೋ ಹೊತ್ತಿಗೆ ಸಿರುಗುಪ್ಪದಿಂದ ನನ್ನ ಗುರ್ತಿನ ಶಾರದಮ್ಮ ಬಂದ್ಲು. ಅಕಿ ಮಗಳು ಲತಾ ಚೊಚ್ಚಲ ಗಂಡು ಹಡದಿದ್ಲು. ತೊಟ್ಲಾಗ ಹಾಕೋ ಕಾರ್ಯಕ್ಕ ಕೌದಿ ಬೇಕಾಗಿತ್ತು. ಶಾರದಮ್ಮ ತನ್ನ ಅತ್ತಿ ಉಡ್ತಿದ್ದ ಇಳಕಲ್ ಸೀರಿ, ಮನಿ ಹಿರೇರ ಧೋತ್ರ, ಒಂದು ಗಂಟು ತಂದಿದ್ಲು.

"ದುರುಗಮ್ಮಾ, ತೊಟ್ಲಿಗೆ ಹೊಂದೋವಷ್ಟು ಸಣ್ಣದು ಸಾಕು. ಹಾಸಾಕೂ ಬರಬೇಕು, ಹೊಚ್ಚಾಕೂ ಬರಬೇಕು. ನಮ್ಮ ನಾದಿನಿ ಅಂಗಡಿ ರಗ್ಗ ತರ್ತೀನಿ ಅಂತ ಕುಂತಾಳ. ನಾನ ಹಟ ಹಿಡದು ನಿನ್ನ ಕಡೆ ಬಂದೀನಿ. ಇದು ಚಂದಾದ್ರ ನಮ್ಮ ಓಣ್ಯಾಗ ಹೊಲಿಸೋರು ಭಾಳ ಅದಾರ. ಆಗಲಿಲ್ಲಂದ್ರ ನಾದಿನಿ ಮುಂದ ನನ್ನ ಮಾನ ಉಳಿಯಂಗಿಲ್ಲ."

ಅಕಿದು ಮಾನ, ನಂದು ಹೊಟ್ಟಿಪಾಡು. ಇಬ್ರದೂ ಒಂದ ತೊಟ್ಲಾಗ ಬಿದ್ದಿತ್ತು.

ಬುದ್ಧಿ ಇದ್ದಾಕಿ ಏನ್ಮಾಡ್ತಾಳ? ಕೈಗೆ ಪಳಗಿದ ಚೌಕ ಜೋಡಿಸಿ, ಮೂಲಿಗೆ ಮೂರು ಮೂಲಿ ತುಂಡು ಇಟ್ಟು ಹೊಲದು ಕೊಡ್ತಾಳ. ನನಗ ಅವತ್ತ ಸ್ಫೂರ್ತಿ ಬಂತು!

ರಗ್ಗಿನ್ಯಾಗ ಗುಲಾಬಿ ಇದ್ರ ನನ್ನ ಕೌದ್ಯಾಗ ಕಾಡು ಇರಲಿ. ಪರದಾ ಮಾಸ್ತರ ಕಾಡು. ಎಲಿ ಸಂದ್ಯಾಗ ಹುಲಿ.

ನಮ್ಮ ಮನಿಯವ್ರು ಗಿರಣ್ಯಾಗ ಹಮಾಲಿ ಮಾಡಿ ಈಗ ಮನ್ಯಾಗ ಕುಂತೋರು. ಮಾತಿಗೆ ಮಾತ್ರ ರಜಾ ಇಲ್ಲ. "ಕೂಸಿಗೆ ಹುಲಿ ಯಾಕಲೇ?" ಅಂದ್ರು.

"ಹುಲಿ ಇಲ್ಲದ ಕಾಡು ಒಂದು ಕಾಡೇನು? ಹಿತ್ತಲು ಅನಸ್ಕೊಂತೈತಿ."

"ಒಂದು ಮೊಲ ಕುಂದರಸು."

"ಮೊಲ ಹಿಂದಿನ ಸಾಲಿನವಗ ಕಾಣಂಗಿಲ್ಲ."

"ತೊಟ್ಲಿಗೆ ಹಿಂದಿನ ಸಾಲು ಎಲ್ಲಿಂದ ಬಂತಲೇ?"

ಇದು ಒಳ್ಳೇ ಪ್ರಶ್ನೆ. ಆದ್ರ ಗಂಡ ಕೇಳಿದ್ದಕ್ಕ ನಾ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಹುಲಿ ಮಾರಿ ಜೋಡಿಸಿದೆ. ದೂರದಿಂದ ಕಾಣಬೇಕಲ್ಲ, ದೊಡ್ಡದಾಗಿ ಜೋಡಿಸಿದೆ. ಮಾರಿ ದೊಡ್ಡದಾದಮ್ಯಾಲ ಮೈ ಸಣ್ಣದಿಟ್ರ ಬೆಕ್ಕಿನಂಗ ಆಗ್ತೈತಿ. ಮೈ ಬೆಳಿಸಿದೆ. ಮೈ ಬೆಳದಮ್ಯಾಲ ಅದು ಅಡಗಿ ಕುಂದರಾಕ ಗಿಡ ಬೇಕು. ಗಿಡಕ್ಕ ಆಕಾಶ ಬೇಕು. ಹಿಂಗ ನೋಡ್ತಾ ನೋಡ್ತಾ ತೊಟ್ಲಿನ ಕೌದಿ ಮಂಚದ್ದಾತು, ಮಂಚದ್ದು ಪಡಸಾಲಿದಾತು. ಅಡಿಗಿಮನಿಗೆ ಹೋಗಬೇಕಾದ್ರ ನಮ್ಮ ಮನಿಯವ್ರು ಕಾಡು ದಾಟಿ ಹೋಗಬೇಕಾಗಿತ್ತು.

ಅಷ್ಟೊತ್ತಿಗೆ ಹಳದಿ ಅರಿವಿ ತೀರಿತು. ಹುಲಿ ಒಂದು ಕಾಲಿಲ್ಲದ ಕುಂಟ ಆಗಿ ನಿಂತಿತ್ತು. ಪೆಟ್ಟಿಗಿ ತೆಗದು ನೋಡಿದೆ.

ಮರುದಿನ ಬೆಳಿಗ್ಗಿ ನಮ್ಮ ಮನಿಯವ್ರು ಬೀಗರ ಮನಿಗೆ ಹೊಂಟು ನಿಂತು, "ನನ್ನ ಹಳದಿ ರುಮಾಲು ಎಲ್ಲೈತಿ?" ಅಂದ್ರು.

"ಕಾಲಾತು."

"ಯಾರ ಕಾಲು?"

"ಹುಲಿದು. ಮುಂದಿನ ಬಲಗಾಲು."

ತಲಿ ಸವರಿಕೊಂಡ್ರು. "ಆತು, ಛತ್ರಿ ಕೊಡು. ತಲಿಗೆ ಬಿಸಲಾರ ತಪ್ಪಲಿ."

ನಾ ನೆಲ ನೋಡಿದೆ. ಹುಲಿ ಮೈಮ್ಯಾಲಿನ ಕರಿ ಪಟ್ಟಿ ಛತ್ರಿ ಅರಿವಿದ್ದು. ಅವರೂ ನೆಲ ನೋಡಿದ್ರು. ಪಟ್ಟಿ ಗುರುತು ಹಿಡದ್ರು. ಬಳ್ಳಾರಿ ಸೀಮಿ ಬಿಸಲಾಗ ಬರಿತಲೀಲೆ ಹೋಗಿ ಬಂದ್ರು. ಸಂಜಿಗೆ ಅವರ ನೆತ್ತಿ ನೋಡಿದ್ರ ಸೂರ್ಯ ಮುಳುಗೋ ಪರದಾ ಕಂಡಂಗ ಕಾಣ್ತಿತ್ತು!

ಹೊಲಿಗಿ ಮುಗೀತು. ಈಗ ಪರೀಕ್ಷಾ. ಬಾಜೂ ಮನಿ ಖಾಜಾಬಿನ ಕರದೆ. ಅಕಿ ಜಂಪರ ಹೊಲಿಯಾಕಿ, ನನಗ ತುಂಡರಿವಿ ಕೊಡಾಕಿ, ಬಾಯಿ ಖಾರ. ಅಕಿ ಒಂದು ತುದಿ, ನಮ್ಮ ಮನಿಯವ್ರು ಒಂದು ತುದಿ ಹಿಡದು ಬೀದ್ಯಾಗ ನಿಂತ್ರು. ನಾ ಮಾಳಿಗಿ ಹತ್ತಿದೆ.

"ಇನ್ನಾ ಹಿಂದಕ್ಕ ಸರೀರಿ!"

"ಅರೇ ದುರುಗಮ್ಮಕ್ಕಾ, ಹಿಂದಕ ಮೋರಿ ಐತಿ!"

"ಮೋರಿ ದಾಟ್ರಿ!"

ನಮ್ಮ ಮನಿಯವ್ರು ದಾಟಿದ್ರು. ಖಾಜಾಬಿ ದಾಟಲಿಲ್ಲ. ನಡುವ ಇಳಿದ್ಲು. ಅಕಿ ಉರ್ದುವಿನ್ಯಾಗ ಏನಂದ್ಲೋ ನನಗ ಪೂರಾ ತಿಳೀಲಿಲ್ಲ. ನನ್ನ ಹೆಸರು ಮಾತ್ರ ಮ್ಯಾಲಿಂದ ಮ್ಯಾಲ ಬಂತು. ಕೌದಿ ಮಾತ್ರ ಕೈ ಎತ್ತಿ ಹಿಡದಿದ್ಲು, ಒಂದು ಹನಿ ಸಿಡೀಗೊಡಲಿಲ್ಲ. ಅಂಥಾ ಗೆಳತಿ.

ಅಷ್ಟ್ರಾಗ ಬಾದನಹಟ್ಟಿ ಕಡಿಂದ ನೆಲ್ಲು ಹೇರಿಕೊಂಡು ಒಂದು ಟ್ರಾಕ್ಟರ್ ಬಂತು. ಡ್ರೈವರ್ ದೂರದಾಗ ಬ್ರೇಕ್ ಹಾಕಿ, ಎದ್ದು ನಿಂತು, "ಅವ್ವೋ! ಹುಲಿ ಭಾಳ ಚಂದೈತಿ! ದಾರಿ ಬಿಡ್ಸವ್ವಾ!" ಅಂತ ಕೂಗಿದ.

ಕೇಳಿದ್ರಿಲ್ಲೋ? ಹಿಂದಿನ ಸಾಲಿನವಗ ಕಂಡಿತು! ನನಗ ಅಷ್ಟ ಸಾಕಾತು. ಮೋರ್‍ಯಾಗಿನ ಖಾಜಾಬಿ "ನನಗ ಏನೂ ಕಾಣವಲ್ದು" ಅಂದ್ಲು. ಹತ್ರ ನಿಂತೋರ ಮಾತು ಯಾರು ಕೇಳ್ತಾರ?

ಕಾರ್ಯದ ದಿನ ಗಂಟು ಕಟ್ಟಿಕೊಂಡು ಸಿರುಗುಪ್ಪ ಬಸ್ಸು ಹತ್ತಿದೆ. ಗಂಟು ನನಗಿಂತಾ ದಪ್ಪ. ಕಂಡಕ್ಟರ್ ಅದನ್ನ ಮುಟ್ಟಿ, ಒತ್ತಿ, "ಅಮ್ಮಾ, ಒಳಗ ಯಾರದಾರ?" ಅಂದ.

"ಹುಲಿ" ಅಂದೆ.

ಆಮ್ಯಾಲ ಸಿರುಗುಪ್ಪ ತನಕ ನನ್ನ ಬಾಜೂಕ ಯಾರೂ ಕುಂದರಲಿಲ್ಲ. ಆರಾಮಾಗಿ ಹೋದೆ.

ಶಾರದಮ್ಮನ ಮನ್ಯಾಗ ಹೆಣ್ಮಕ್ಕಳು ಕಿಕ್ಕಿರದಿದ್ರು. ನಡುವ ತೊಟ್ಲಕ್ಕ ಹೂವು ಕಟ್ಟಿದ್ರು. ಅದೋನಿಯಿಂದ ಬಂದ ನಾದಿನಿ ಬಗಲಾಗ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗ ಗುಲಾಬಿ ರಗ್ಗು ಇಣುಕಿ ನನ್ನ ನೋಡಾಕತ್ತಿತ್ತು. ಶಾರದಮ್ಮ, "ಬಂದ್ಲ ನೋಡ್ರಿ ನಮ್ಮ ದುರುಗಮ್ಮ! ಅಂಗಡಿಯಾಗ ಸಿಗೋ ಮಾಲಲ್ಲ ಇದು" ಅಂತ ನಾದಿನಿಗೆ ಕೇಳೋವಂಗ ಅಂದ್ಲು. ನಾನೂ ಸೆರಗು ಬಿಗಿದು, ಸಭಾ ಉದ್ಘಾಟನಾ ಮಾಡೋರಂಗ ಗಂಟು ಬಿಚ್ಚಿದೆ.

ಹಾಸಿದೆ. ಹಾಸ್ತಾನ ಇದ್ದೆ. ಪಡಸಾಲಿ ತುಂಬಿತು, ಹೆಣ್ಮಕ್ಕಳು ಗ್ವಾಡಿಗೆ ಅಂಟಿ ನಿಂತ್ರು, ಆರತಿ ತಾಟು ಕಿಟಕಿಗೆ ಹತ್ತಿತು. ಹುಲಿ ಬಾಲ ದೇವರಕೋಣಿ ಒಳಗ ಹೋತು.

ಎಲ್ಲಾರೂ ಸೀರಿ ನಿರಿಗಿ ಎತ್ತಿ ಹಿಡದು ಕಾಲಬುಡ ನೋಡಿದ್ರು.

"ದುರುಗಮ್ಮಾ, ಇದೇನು?" ಅಂದ್ಲು ಶಾರದಮ್ಮ.

"ಹುಲಿ."

"ಎಲ್ಲೈತಿ?"

ನಾದಿನಿ ಕೌದಿ ಅಂಚು ಎತ್ತಿ ಕೆಳಗ ಹುಡುಕಾಕತ್ತಿದ್ಲು. "ಪುಲಿ ಎಕ್ಕಡ ಉಂದಿ? ನಾಕು ಕನಪಡಲೇದೇ!" ಅಂದ್ಲು, ಹುಲಿ ಎಲ್ಲೈತಿ, ನನಗ ಕಾಣವಲ್ದು ಅಂತ ತೆಲುಗಿನ್ಯಾಗ.

"ನೀವು ಹತ್ರ ನಿಂತೀರಿ. ಹಿಂದಕ್ಕ ಹೋಗ್ರಿ" ಅಂದೆ.

ಪಾಪ, ಹೋದ್ರು. ಪಡಸಾಲಿಯಿಂದ ಅಂಗಳಕ್ಕ. "ಇನ್ನಾ ಹಿಂದಕ್ಕ!" ಅಂಗಳದಿಂದ ಬಾಗಲಕ್ಕ. "ಇನ್ನೊಂದೀಟು!" ಬಾಗಲದಿಂದ ಬೀದಿಗೆ. ರೇಷ್ಮಿ ಸೀರಿ ಉಟ್ಟ ಮುತ್ತೈದೇರೆಲ್ಲಾ ಬಿಸಲಾಗ ಬೀದ್ಯಾಗ ಸಾಲು ನಿಂತು ಬಾಗಲೊಳಗ ಇಣುಕಿದ್ರು. ಬಾಗಲ ಕಿರಿದು. ಹುಲಿ ಮೂಗಿನ ಒಂದು ಹೊಳ್ಳಿ ಅಷ್ಟ ಕಾಣ್ತಿತ್ತು.

"ಮಾಳಿಗಿಯಿಂದ ಇಳಿಬಿಡ್ರಿ!" ಅಂದೆ. ಇಬ್ರು ಗಂಡಸರು ಮ್ಯಾಲ ಹೋಗಿ ಇಳಿಬಿಟ್ರು.

ಏನು ಹೇಳ್ಲಿ! ಸಿರುಗುಪ್ಪದ ನಡು ಓಣ್ಯಾಗ ಕಾಡು ಎದ್ದು ನಿಂತಿತು. ಎಲಿ ಸಂದಿಯಿಂದ ಹುಲಿ ನೋಡಿತು. "ಅಬ್ಬಬ್ಬಬ್ಬಾ!" ಅಂತ ಒಂದ ದನಿ. ಓಣಿ ನಾಯಿ ಎಲ್ಲಾ ಒಮ್ಮೆಲೆ ಬೊಗಳಿದ್ವು. ಸೈಕಲ್ ಮ್ಯಾಲ ಹಾಲಿನಾಂವ ಗ್ವಾಡಿಗೆ ಹೋಗಿ ಇಳಿದ. ನನ್ನ ಎದಿ ಉಬ್ಬಿತು. ನೋಡ್ರಿ ಮಾಸ್ತರ, ನೋಡ್ರಿ ಅಂತ ಮನಸಿನ್ಯಾಗ ಅಂದೆ.

ಬಾಣಂತಿ ಲತಾ ಕೂಸಿಗೂ ತೋರಸಾಣ ಅಂತ ಎತ್ತಿಕೊಂಡು ಹೊಸ್ತಿಲಕ್ಕ ಬಂದ್ಲು. ಕೂಸು ಕತ್ತು ಹೊರಳಿಸಿತು. ಹುಲಿ ನೋಡಿತೋ, ನಾಯಿ ಗದ್ದಲ ಕೇಳಿತೋ, ಆ ಅಳು! ಜೋಗುಳ ಹಾಡಾಕ ಬಂದೋರು ಕಿವಿ ಮುಚ್ಚಿಕೊಂಡ್ರು.

ಶಾರದಮ್ಮ ನನ್ನ ಹತ್ರ ಬಂದು ಮೆಲ್ಲಕ ಕೇಳಿದ್ಲು. "ಚಂದೈತಿ ದುರುಗಮ್ಮಾ, ಇಲ್ಲಾ ಅನ್ನಂಗಿಲ್ಲ. ಆದ್ರ ಹೊಚ್ಚಾದು ಹೆಂಗ? ಕೂಸನ್ನ ಬೀದ್ಯಾಗ ಮಲಗಿಸಿ, ಕೌದಿ ಮಾಳಿಗಿ ಮ್ಯಾಲ ಹಾಕಾದೇನು?"

ನಾ ಮಾಳಿಗಿ ಎತ್ತರ ನೋಡಿದೆ, ಕೂಸಿನ ಅಳತಿ ನೋಡಿದೆ.

ನಾದಿನಿ ಪ್ಲಾಸ್ಟಿಕ್ ಚೀಲ ಬಿಚ್ಚಿದ್ಲು. ಗುಲಾಬಿ ರಗ್ಗು ಹೊರಗ ಬಂತು. ಶಾರದಮ್ಮನ ಮಾರಿ ನೋಡಾಕ ಆಗಲಿಲ್ಲ. ಕೂಸನ್ನ ರಗ್ಗಿನ ಮ್ಯಾಲ ಹಾಕಿದ್ರು. ಆ ರಗ್ಗು ಹೊಸಾದು, ಬಾಯಾಗ ನೂಲು ಬಂತೋ, ಬೆನ್ನಿಗೆ ಸೆಕಿ ಆತೋ, ಅಳು ಮತ್ತೂ ಜೋರಾತು. ಕೂಸು ಅಳೋವಾಗ ತೊಟ್ಲಾಗ ಹಾಕಿ ಹೆಸರಿಡಂಗಿಲ್ಲ ಅಂತ ಹಿರೇ ಮುದುಕಿ ಒಬ್ಬಾಕಿ ಆರತಿ ತಡದ್ಲು. ಎಲ್ಲಾ ನಿಂತು ಹೋತು. ಅಡಿಗಿ ಆರಾಕತ್ತಿತ್ತು. ಎಲ್ಲಾರ ಕಣ್ಣೂ ನನ್ನ ಮ್ಯಾಲ.

ಆಗ ಲತಾ ಕೌದಿ ಕೆಳಗ ಇಳಸ್ರಿ ಅಂದ್ಲು. ಅದನ್ನ ಮಗಚಿದ್ಲು. ಹಿಂದಿನ ಮಗ್ಗಲಕ್ಕ ನಾ ಏನೂ ಮಾಡಿರಲಿಲ್ಲ. ಅದರ ಕಡೆ ನನ್ನ ಧ್ಯಾನಾನ ಇರಲಿಲ್ಲ. ಲತಾನ ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರಿ ಹಾಸಿ, ಕೈ ತನ್ನ ಪಾಡಿಗೆ ಹೊಲಕೊಂಡು ಹೋಗಿತ್ತು. ಸಣ್ಣ ಸಣ್ಣ ಹೊಲಿಗಿ, ಇರುವಿ ಸಾಲಿನಂಗ. ಲತಾ ಆ ಮಗ್ಗಲ ಮ್ಯಾಲ ಮಾಡಿ, ಮಡಚಿ, ಮತ್ತ ಮಡಚಿ, ಮತ್ತೂ ಮಡಚಿ ತೊಟ್ಲಾಗ ಇಟ್ಲು. ತೊಟ್ಲು ಅಂಚಿನ ತನಕ ತುಂಬಿತು. ಕೂಸನ್ನ ಮ್ಯಾಲ ಇಟ್ಲು. ಗೋಪುರದ ತುದಿಗೆ ಕಳಸ ಇಟ್ಟಂಗ ಕಾಣ್ತಿತ್ತು.

ಕೂಸು ಬಿಕ್ಕಿತು. ಕೈಲೆ ಸೀರಿ ಹಿಡೀತು. ಸುಮ್ನಾತು. ಇಬ್ರು ಹೆಣ್ಮಕ್ಕಳು ಬೀಳದಂಗ ಹಿಡಕೊಂಡು ನಿಂತ್ರು, ಹೆಸರಿಟ್ರು. ನಾದಿನಿ ಬಗ್ಗಿ ಆ ಸೀರಿ ಮುಟ್ಟಿ ನೋಡಿ, "ಮೆತ್ತಗೈತಿ" ಅಂದ್ಲು. ಕನ್ನಡದಾಗ ಅಂದ್ಲು, ಎಲ್ಲಾರಿಗೂ ತಿಳೀಲಿ ಅಂತ. ಶಾರದಮ್ಮನ ಮಾರಿಗೆ ಕಳೆ ಬಂತು.

ಊಟಕ್ಕ ಕುಂತಾಗ ಓಣಿಯವ್ರು ಇಬ್ರು ನಮಗೂ ಕೌದಿ ಬೇಕು ಅಂದ್ರು. ಒಬ್ಬಾಕಿ ಮೊಮ್ಮಗಳಿಗೆ, "ಹಿಂದಿನ ಮಗ್ಗಲದಂಥಾದು, ಎರಡೂ ಕಡಿ" ಅಂದ್ಲು. ಇನ್ನೊಬ್ಬಾಕಿ ಹುಲಿದ ಬೇಕು ಅಂದ್ಲು! ನಾ ಖುಷಿಲೇ "ಯಾರಿಗವ್ವಾ?" ಅಂದೆ.

"ಮಾಳಿಗಿ ಮ್ಯಾಲ ಸಂಡಿಗಿ ಒಣ ಹಾಕಿದ್ರ ಮಂಗ್ಯಾ ಬಿಡವಲ್ವು. ಇದನ್ನ ಕಟ್ಟಿದ್ರ ಬರಂಗಿಲ್ಲ ಅನಸ್ತೈತಿ."

ಒಂದು ಕೂಸಿಗೆ, ಒಂದು ಮಂಗ್ಯಾಗ. ಬಂದ ಕೆಲಸ ಬ್ಯಾಡ ಅನ್ನಬಾರದು.

ಮನಿಗೆ ಹೋಗಲಿಲ್ಲ. ನೆಟ್ಟಗ ಬಳ್ಳಾರಿ ಬಸ್ಸು ಹತ್ತಿ ಪರದಾ ಮಾಸ್ತರ ಗೋದಾಮಿಗೆ ಹೋದೆ. ನಿಮ್ಮ ಹುಲಿ ನನಗ ಹಿಂಗ ಮಾಡಿತು ಅಂತ ಎಲ್ಲಾ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದ್ರು, ಕುಂಚ ಕೆಳಗ ಇಟ್ಟು ಮತ್ತ ನಕ್ರು. ಅರಮನಿ ಕಂಬದ ಮ್ಯಾಲ ಬಣ್ಣದ ಹನಿ ಬಿತ್ತು. ಈ ಸಲ ನಿಜವಾಗ್ಲೂ ಚೆಲ್ಲಿದ್ದು.

"ಅವ್ವಾ, ನನ್ನ ಪರದಾ ನೋಡೋನು ದೂರ ಕುಂತಿರ್ತಾನ. ನಿನ್ನ ಕೌದಿ ನೋಡೋನು ಎಲ್ಲಿರ್ತಾನ?"

"ಕೌದಿ ಒಳಗ."

"ಕಣ್ಣು ಎಲ್ಲಿರ್ತಾವ?"

"ಮೂಗಿನ ಮ್ಯಾಲ ಅಂಚು ಇರ್ತೈತಲ್ರಿ, ಅಲ್ಲೇ."

"ಮತ್ತ?" ಅಂದ್ರು.

"ಇದನ್ನ ಮೊದಲಾ ಹೇಳಾಕ ಏನಾಗಿತ್ರಿ ನಿಮಗ?"

"ನೀ ಹುಲಿ ನೋಡಿದಿ, ನನ್ನ ಕೇಳಲಿಲ್ಲಲ್ಲ" ಅಂದು ಚಾ ತರಿಸಿದ್ರು. ಚಾ ಚಲೋ ಇತ್ತು. ಸಿಟ್ಟು ಇಳೀತು.

ಈಗ ನಾ ಹಂಗ ಹೊಲಿತೀನಿ. ಕೌದಿ ತುಂಬ ಹಳೇ ಚೌಕ, ಹಳೇ ಹೊಲಿಗಿ. ಮಾರಿ ಹತ್ರ ಬರೋ ಅಂಚಿಗೆ ಮಾತ್ರ ಒಂದು ಸಣ್ಣ ಗಿಣಿ, ಒಂದು ಮೀನು, ಬೆರಳಿನ ಉಗುರಿನಷ್ಟು ಎಲಿ. ಮಲಗಿದಾಂವಗ ಬಿಟ್ರ ಯಾರಿಗೂ ಕಾಣಂಗಿಲ್ಲ. ಮೊದಲನೇದ್ದು ಗಿಣಿ ಇಟ್ಟು ಲತಾನ ಮಗನಿಗ ಹೊಲದೆ, ತೊಟ್ಲಿಗೆ ಸರಿಯಾಗಿ ಹೊಂದೋವಷ್ಟು ಸಣ್ಣದು. ಆಮ್ಯಾಲ ಅದನ್ನ ನೋಡಿದೋರು ಬಂದ್ರು, ಅವರನ್ನ ನೋಡಿ ಮತ್ತೊಬ್ರು ಬಂದ್ರು. ಕಟ್ಟಿ ಮ್ಯಾಲ ಮಾತಾಡಾಕ ಬಂದೋರಿಗೆ ಈಗ ಕುಂದರಾಕ ಜಾಗ ಇಲ್ಲ, ಬರೇ ಗಂಟು.

ಕಲಾವಿದೆ ಆದೆ ಅಂತ ನನಗೂ ಒಂದೀಟು ಅನಸಾಕತ್ತಿತ್ತು. ಮೊನ್ನೆ ಲತಾ ಫೋನ್ ಹಚ್ಚಿದ್ಲು. "ಅಜ್ಜಿ, ಕೂಸಿಗೆ ಗಿಣಿ ಭಾಳ ಸೇರೇತಿ" ಅಂದ್ಲು. ನಾ ಫೋನಿನ ದನಿ ಜೋರು ಮಾಡಿ, ನಮ್ಮ ಮನಿಯವ್ರಿಗೂ ಖಾಜಾಬಿಗೂ ಕೇಳೋವಂಗ ಹಿಡದು, "ಹೌದಾ ಅವ್ವಾ? ಏನಂತೈತಿ?" ಅಂದೆ.

"ಅನ್ನಾಕ ಬಾಯಿ ಎಲ್ಲಿ ಖಾಲಿ ಐತಿ ಅಜ್ಜಿ? ತಲಿ, ಒಂದು ರೆಕ್ಕಿ ಚೀಪಿ ಚೀಪಿ ಕಿತ್ತಾನ. ಇನ್ನೊಂದು ಗಿಣಿ ಹಚ್ಚಿಕೊಡ್ರಿ, ಈ ಸಲ ಗಟ್ಟಿ ದಾರ ಹಾಕ್ರಿ."

ಪರದಾ ಮಾಸ್ತರ ಕೆಲಸಾನ ಊರ ಮಂದಿ ಕಣ್ಣು ಬಿಟ್ಟು ನೋಡ್ತಾರ. ನಂದನ್ನ ಜೊಲ್ಲು ಸುರಿಸಿ ಚೀಪ್ತಾರ. ಇರಲಿ, ಚೀಪಿದ್ದು ಹರೀತೈತಿ, ಹರದದ್ದು ನನ್ನ ಕಡೆನ ಬರ್ತೈತಿ. ಗಟ್ಟಿ ದಾರ ಮಾತ್ರ ನಾ ಹಾಕಂಗಿಲ್ಲ!